ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರು, ಆದರೆ ಯಾಕೆ ಹೋಯಿತು?

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿ ಏರುತ್ತಿದ್ದೆವು. ಡಿಸೆಂಬರ್ ಕೊನೆಯ ಭಾನುವಾರ. ಮುಂದೆಯೂ ಹಿಂದೆಯೂ ಗಾಡಿಗಳ ಸಾಲು. ಕಾರಿನಲ್ಲಿ ಐದು ಜನ, ಗಾಜಿಗೆ ಮಂಜು ಹಿಡಿಯುತ್ತೆ ಅಂತ ಎಸಿ ಬೇರೆ ಹಾಕಿದ್ದೆ. ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟ್. ಪಕ್ಕದಲ್ಲಿ ಕೂತಿದ್ದ ಬಾಮೈದ ತಟ್ಟನೆ, "ಭಾವ, ಆ ಮುಳ್ಳು ನೋಡಿ" ಅಂದ. ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು.

ಎಸಿ ಆಫ್ ಮಾಡಿದೆ. ಹೀಟರ್ ಪೂರ್ತಿ ತಿರುಗಿಸಿ ಫ್ಯಾನ್ ಜೋರು ಇಟ್ಟೆ. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಒಂದು ಪುಟ್ಟ ರೇಡಿಯೇಟರ್. ಇಂಜಿನ್‌ನ ಒಂದಿಷ್ಟು ಬಿಸಿಯನ್ನು ಅದು ಕಾರಿನೊಳಕ್ಕೆ ಎಳೆಯುತ್ತದೆ. ನಮಗೆ ಬೆವರು ಕಿತ್ತುಕೊಂಡು ಬಂತು, ಮುಳ್ಳು ಮಾತ್ರ ಇಳಿಯಲಿಲ್ಲ. ಹೀಟರ್‌ನಿಂದ ಒಂದು ನಿಮಿಷ ಬಿಸಿ ಗಾಳಿ ಬಂತು, ಆಮೇಲೆ ತಣ್ಣನೆ ಗಾಳಿ. ನನಗೆ ನಿಜವಾಗಿ ಭಯ ಆಗಿದ್ದು ಆಗ. ಮುಳ್ಳು ಮೇಲಿದ್ದು ಹೀಟರ್ ಗಾಳಿ ತಣ್ಣಗಾಯಿತು ಅಂದರೆ ಹೀಟರ್‌ವರೆಗೆ ನೀರು ಬರುತ್ತಿಲ್ಲ ಅಂತ ಅರ್ಥ. ಸ್ವಲ್ಪ ಅಗಲ ಇದ್ದ ತಿರುವಿನಲ್ಲಿ ಗಾಡಿ ನಿಲ್ಲಿಸಿದೆ. ಬೋನೆಟ್ ಸಂದಿಯಿಂದ ಆವಿ ಬರುತ್ತಿತ್ತು. ತಕ್ಷಣ ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟೆವು.

ಬಾಮೈದ ನೀರಿನ ಬಾಟಲಿ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ. ಕೈ ಹಿಡಿದು ಎಳೆದೆ. ರೇಡಿಯೇಟರ್ ಮುಚ್ಚಳ ನಮ್ಮ ಅಡುಗೆಮನೆ ಕುಕ್ಕರ್‌ನ ಮುಚ್ಚಳ ಇದ್ದ ಹಾಗೆ. ನನ್ನ ಕಾರಿನ ಮುಚ್ಚಳದ ಮೇಲೆ 0.9 ಅಂತ ಬರೆದಿದೆ. ಅಂದರೆ ಒಳಗಿನ ಒತ್ತಡ 0.9 ಬಾರ್, ಸುಮಾರು 13 ಪಿಎಸ್‌ಐ ಆಗುವವರೆಗೆ ಅದು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆ ಒತ್ತಡದಲ್ಲಿ ಬರೀ ನೀರೇ ಇದ್ದರೂ 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಒಂದೇ ಸಲಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಸುಮಾರು ಒಂದು ಗಂಟೆ ಕಾದೆವು. ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ ಮುಚ್ಚಳ ಮೆಲ್ಲಗೆ ತಿರುಗಿಸಿದೆ. ಒಳಗೆ ನೀರು ಕಾಣಲೇ ಇಲ್ಲ. ಎರಡು ಬಾಟಲಿ ನೀರು ಹಿಡಿಯಿತು.

ಗಿರಿ ನೋಡದೆ ವಾಪಸ್ ಇಳಿದೆವು. ಇಳಿಜಾರಿನಲ್ಲಿ ಇಂಜಿನ್‌ಗೆ ಕೆಲಸ ಕಡಿಮೆ, ಮುಳ್ಳು ಕೆಳಗೇ ಇತ್ತು. ಚಿಕ್ಕಮಗಳೂರಿನಲ್ಲಿ ಭಾನುವಾರವೂ ತೆಗೆದಿದ್ದ ಒಂದು ಗ್ಯಾರೇಜಿಗೆ ಹೋದೆ. ಆ ಹುಡುಗ ಆಯಿಲ್ ತುಂಬುವ ಕ್ಯಾಪ್ ಬಿಚ್ಚಿ ಒಳಭಾಗ ತೋರಿಸಿದ. ಬೆಣ್ಣೆ ಮೆತ್ತಿದ ಹಾಗೆ ಬಿಳಿ ನೊರೆ.

"ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಆಯಿಲ್‌ಗೆ ನೀರು ಸೇರಿದೆ. ನಾಳೆ ಗಾಡಿ ಬಿಡಿ, ಹೆಡ್ ಇಳಿಸ್ತೀನಿ."

ಇಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚಬೇಕು, ಅದರ ಅಡಿಯ ಹಾಳೆ ಬದಲಿಸಬೇಕು ಅಂತ ಎರಡು ನಿಮಿಷದಲ್ಲಿ ತೀರ್ಮಾನ ಆಗಿಹೋಯಿತು. ನಾನು ಗಾಡಿ ಬಿಡಲಿಲ್ಲ. ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಪಲ್ಪರ್, ಪಂಪ್‌ಸೆಟ್, ಕಳೆ ಕತ್ತರಿಸುವ ಮಷಿನ್ ಎಲ್ಲವನ್ನೂ ನಾನೇ ಬಿಚ್ಚಿ ಜೋಡಿಸುತ್ತೇನೆ. ಮಷಿನ್‌ನ ಒಂದು ಭಾಗ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಬಿಟ್ಟು ಬರೀ ಭಾಗ ಬದಲಿಸಿದರೆ ಹೊಸದೂ ಹೋಗುತ್ತದೆ. ಗ್ಯಾಸ್ಕೆಟ್ ಹೋಗಿದ್ದರೂ ಹೋಗಿರಬಹುದು, ಆದರೆ ಯಾಕೆ ಹೋಯಿತು ಅನ್ನುವುದು ನನಗೆ ಮುಖ್ಯವಾಗಿತ್ತು.

ಮೊದಲು ಆ ಬೆಣ್ಣೆ ವಿಷಯ. ಮನೆಗೆ ಬಂದು ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದೆ. ಆಯಿಲ್ ಕಪ್ಪಗೆ, ಎಂದಿನ ಹಾಗೇ ಇತ್ತು. ಮಟ್ಟವೂ ಏರಿರಲಿಲ್ಲ. ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡಲು ಸುತ್ತ ಓಡುವ ದ್ರವ, ನಿಜವಾಗಿ ಆಯಿಲ್‌ಗೆ ಸೇರಿದ್ದರೆ ಡಿಪ್‌ಸ್ಟಿಕ್‌ನಲ್ಲೂ ಹಾಲು ಹಾಕಿದ ಕಾಫಿ ಬಣ್ಣ ಬರಬೇಕು. ನಮ್ಮ ಕಡೆ ಚಳಿಗಾಲದಲ್ಲಿ ಕ್ಯಾಪ್‌ನ ಅಡಿ ನೊರೆ ಕಟ್ಟುವುದು ಸಾಮಾನ್ಯ. ದಿನಾ ಬೆಳಗ್ಗೆ ಮಗಳನ್ನು ಬಸ್ ಸ್ಟಾಪಿಗೆ ಬಿಡಲು ಎರಡು ಕಿಲೋಮೀಟರ್ ಓಡಿಸುತ್ತೇನೆ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ತಣ್ಣನೆ ಕ್ಯಾಪ್‌ಗೆ ತಾಗಿ ಆಯಿಲ್ ಜೊತೆ ನೊರೆಯಾಗುತ್ತದೆ. ಬೆಳಗಿನ ಬಿಳಿ ಹೊಗೆಯೂ ಅಷ್ಟೇ. ಚಳಿಗಾಲದ ಬೆಳಗ್ಗೆ ನಮ್ಮೂರಿನ ಯಾವ ಕಾರು ಸ್ಟಾರ್ಟ್ ಮಾಡಿದರೂ ಸೈಲೆನ್ಸರ್‌ನಿಂದ ಬಿಳಿ ಆವಿ ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಅದು ನಿಲ್ಲದೆ, ಸಿಹಿ ಸಿಹಿ ವಾಸನೆ ಇದ್ದರೆ ಮಾತ್ರ ಯೋಚನೆ ಮಾಡಬೇಕು. ಮಲೆನಾಡಿನಲ್ಲಿ ಈ ಎರಡನ್ನೇ ನೋಡಿ ಹೆಡ್ ಬಿಚ್ಚಿದರೆ ಎಷ್ಟೋ ಒಳ್ಳೆಯ ಇಂಜಿನ್ ಬಿಚ್ಚಬೇಕಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವೆ ಕೂರುವ ತೆಳು ಹಾಳೆ. ಒಂದೇ ಹಾಳೆ ಮೂರನ್ನು ಬೇರೆ ಬೇರೆ ಇಡಬೇಕು: ಸಿಲಿಂಡರ್ ಒಳಗಿನ ಬೆಂಕಿ, ಸುತ್ತ ಓಡುವ ನೀರು, ಮೇಲೆ ಕೆಳಗೆ ಹರಿಯುವ ಆಯಿಲ್. ಎಲ್ಲಿ ಹರಿಯಿತು ಅನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ. ನೀರಿಗೂ ಆಯಿಲ್‌ಗೂ ನಡುವೆ ಹರಿದರೆ ಹಾಲಿನ ಬಣ್ಣ. ಎರಡು ಸಿಲಿಂಡರ್ ನಡುವೆ ಹರಿದರೆ ಪಿಕಪ್ ಹೋಗುತ್ತದೆ, ಆದರೆ ಒಂದು ಹನಿ ನೀರೂ ಖರ್ಚಾಗದೇ ಇರಬಹುದು. ಸಿಲಿಂಡರ್‌ಗೂ ನೀರಿಗೂ ನಡುವೆ ಹರಿದರೆ ಆಯಿಲ್ ಚೆನ್ನಾಗಿಯೇ ಇರಬಹುದು. ಆಯಿಲ್ ಚೆನ್ನಾಗಿದೆ, ಹಾಗಾಗಿ ಗ್ಯಾಸ್ಕೆಟ್ ಚೆನ್ನಾಗಿದೆ ಅನ್ನುವುದೂ ತಪ್ಪು ಲೆಕ್ಕ. ಆ ತಪ್ಪನ್ನು ನಾನೂ ಒಂದು ವಾರ ಮಾಡಿದೆ.

ನೋಟ್‌ಬುಕ್ ತೆಗೆದು ಮೊದಲು ಬರೆದುಕೊಂಡ ಪ್ರಶ್ನೆ: ಯಾವಾಗ ಬಿಸಿಯಾಗುತ್ತೆ? ನಿಂತಲ್ಲೇ ಬಿಸಿಯಾಗಿ ಓಡಿದಾಗ ಇಳಿದರೆ ರೇಡಿಯೇಟರ್ ಫ್ಯಾನ್, ಅದರ ರಿಲೇ, ಫ್ಯೂಸ್ ನೋಡಬೇಕು. ನಿಂತಾಗ ಸರಿ ಇದ್ದು ಏರಿನಲ್ಲಿ, ಲೋಡ್‌ನಲ್ಲಿ ಬಿಸಿಯಾದರೆ ನೀರಿನ ಓಟ ಕಡಿಮೆ ಅಥವಾ ರೇಡಿಯೇಟರ್ ಕಟ್ಟಿದೆ. ನಂದು ಎರಡನೆಯದು. ಅಂಗಳದಲ್ಲಿ ಅರ್ಧ ಗಂಟೆ ಆನ್ ಇಟ್ಟರೂ ಫ್ಯಾನ್ ತಿರುಗಿ ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಮುಳ್ಳು ಅಲುಗಾಡಲಿಲ್ಲ.

ರೇಡಿಯೇಟರ್ ಮುಚ್ಚಳ ತಿರುವಿ ನೋಡಿದರೆ ಅಡಿಯ ರಬ್ಬರ್ ಬಿರುಕು ಬಿಟ್ಟಿತ್ತು. ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ನಾವಿರುವ ಎತ್ತರಕ್ಕೆ ಇದು ದೊಡ್ಡ ವಿಷಯ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಚಿಕ್ಕಮಗಳೂರು ಸುಮಾರು 1000 ಮೀಟರ್ ಎತ್ತರದಲ್ಲಿದೆ, ಇಲ್ಲಿ 96-97ಕ್ಕೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿ 1900 ಮೀಟರ್ ದಾಟುತ್ತದೆ, ಅಲ್ಲಿ 93-94 ಸಾಕು. ಇಂಜಿನ್ ಸರಿಯಾಗಿ ಓಡುವಾಗಲೇ ಒಳಗಿನ ನೀರು 90ರ ಆಸುಪಾಸು ಇರುತ್ತದೆ. ಮುಚ್ಚಳ ಒತ್ತಡ ಹಿಡಿಯದಿದ್ದರೆ ಗಿರಿ ಏರುವ ಕಾರಿನ ನೀರು ಕುದಿಯಲು ಮೂರು ನಾಲ್ಕು ಡಿಗ್ರಿ ದೂರ ಅಷ್ಟೇ. ಹೊಸ ಮುಚ್ಚಳ ಹಾಕಿದೆ.

ನೀರು ಕಾದ ಮೇಲಷ್ಟೇ ರೇಡಿಯೇಟರ್‌ಗೆ ದಾರಿ ಬಿಡುವ ವಾಲ್ವ್, ಥರ್ಮೋಸ್ಟಾಟ್, ಬಿಚ್ಚಿ ಹಳೆಯ ಪಾತ್ರೆಯಲ್ಲಿ ನೀರಿಟ್ಟು ಒಲೆ ಮೇಲೆ ಕಾಯಿಸಿದೆ. ಅದರ ಮೇಲೆ 82 ಅಂತ ಇತ್ತು. ಜಾಮ್ ಮಾಡುವ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ 83ಕ್ಕೆ ಬಾಯಿ ಬಿಟ್ಟಿತು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಅದು ಸರಿ ಇದೆ. ಕೆಲವರು ಗಾಡಿ ಬಿಸಿಯಾದರೆ ಇದನ್ನು ತೆಗೆದು ಬಿಸಾಡಿಬಿಡಿ ಅನ್ನುತ್ತಾರೆ. ಹಾಗೆ ಮಾಡಬೇಡಿ. ನಮ್ಮ ಚಳಿಗೆ ಇಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್‌ನ ಒಳಗೋಡೆ ಬೇಗ ಸವೆಯುತ್ತದೆ.

ಆಮೇಲೆ ರೇಡಿಯೇಟರ್. ಒಂದು ಸುತ್ತು ಓಡಿಸಿ ಬಂದು, ಇಂಜಿನ್ ಆಫ್ ಮಾಡಿ, ಬ್ಯಾಟರಿ ವೈರ್ ಬಿಚ್ಚಿ, ರೇಡಿಯೇಟರ್ ಮೈ ಮೇಲೆ ಕೈ ಆಡಿಸಿದೆ. ವೈರ್ ಬಿಚ್ಚಿದ್ದು ಯಾಕೆ ಅಂದರೆ ಇಂಜಿನ್ ಆಫ್ ಆದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತದೆ, ಬೆರಳು ಹೋಗುತ್ತದೆ. ಮೇಲೆ ಚುರುಕ್ ಅನ್ನುವಷ್ಟು ಬಿಸಿ. ಕೆಳಗಿನ ಎಡ ಮೂಲೆಯಲ್ಲಿ ಎರಡು ಅಂಗೈ ಅಗಲ ತಣ್ಣಗಿತ್ತು. ಅಲ್ಲಿ ನೀರು ಓಡುತ್ತಿಲ್ಲ. ಕೆಳಗಿನ ಹೋಸ್ ಬಿಚ್ಚಿ ಬಕೆಟ್‌ಗೆ ಇಳಿಸಿದಾಗ ಬಂದಿದ್ದು ಹಸಿರು ಕೂಲೆಂಟ್ ಅಲ್ಲ, ಕೆಮ್ಮಣ್ಣು ಕಲಸಿದ ಹಾಗಿನ ನೀರು. ತಳದಲ್ಲಿ ತುಕ್ಕಿನ ಗಸಿ.

ಇದು ನನ್ನದೇ ಕೆಲಸ. ಎರಡು ವರ್ಷದಿಂದ ಮಟ್ಟ ಇಳಿದಾಗಲೆಲ್ಲ ಬಾವಿ ನೀರು ಸುರಿದಿದ್ದೆ. ಬಾವಿ ನೀರು ಕುಡಿಯಲು ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ತುಕ್ಕು ತಡೆಯುವ ಅಂಶ ಇಲ್ಲ. ಕೂಲೆಂಟ್‌ನಲ್ಲಿ ಅದು ಇರುತ್ತದೆ, ನೀರು ಬೆರೆಸುತ್ತಾ ಹೋದ ಹಾಗೆ ತೆಳುವಾಗುತ್ತದೆ. ನನ್ನ ಕಾರಿನದು ಕಬ್ಬಿಣದ ಬ್ಲಾಕ್. ತುಕ್ಕು ಎದ್ದು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕೂತಿದೆ.

ಹೊಸ ರೇಡಿಯೇಟರ್ ತಂದು ಹಾಕಿದೆ. ಬ್ಲಾಕನ್ನು ಮೂರು ಸಲ ನೀರು ಬಿಟ್ಟು ತೊಳೆದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಬೆರೆಸಿ ತುಂಬಿದೆ. ನಾಲ್ಕು ದಿನ ಓಡಿಸಿದೆ, ಮುಳ್ಳು ನಡುವೆ ಕದಲದೆ ನಿಂತಿತು. ಬಾಮೈದನಿಗೆ ಫೋನ್ ಮಾಡಿ, "ಗ್ಯಾಸ್ಕೆಟ್ ಅಲ್ಲ ಕಣೋ, ರೇಡಿಯೇಟರ್ ಅಷ್ಟೇ" ಅಂತ ಖುಷಿಯಲ್ಲಿ ಹೇಳಿದೆ.

ಐದನೇ ದಿನ ಬೆಳಗ್ಗೆ ಕೂಲೆಂಟ್‌ನ ರಿಸರ್ವ್ ಬಾಟಲಿ ನೋಡಿದೆ. ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೆ. ಗೆರೆಗಿಂತ ಎರಡು ಬೆರಳು ಕೆಳಗೆ ಇತ್ತು. ಒಳಗೆ ಸೇರಿಕೊಂಡಿದ್ದ ಗಾಳಿ ಹೊರಗೆ ಬಂದಿರಬೇಕು ಅಂದುಕೊಂಡು ತುಂಬಿಸಿದೆ. ಮತ್ತೆ ಮೂರು ದಿನಕ್ಕೆ ಅಷ್ಟೇ ಇಳಿಯಿತು. ಕಾರಿನ ಅಡಿ ಹಾಸಿದ್ದ ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಇನ್ನೊಂದು ವಿಷಯವೂ ಆಗ ಗಮನಕ್ಕೆ ಬಂತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನಾಲ್ಕೈದು ಸೆಕೆಂಡ್ ಇಂಜಿನ್ ನಡುಗುತ್ತಿತ್ತು, ಒಂದು ಸಿಲಿಂಡರ್ ಮಿಸ್ ಹೊಡೆದ ಹಾಗೆ. ಆಮೇಲೆ ಸರಿ.

ಬಿಸಿ ನಿಂತಿದೆ, ನೀರು ಮಾತ್ರ ಹೋಗುತ್ತಿದೆ. ಎಲ್ಲಿಗೆ?

ಚಿಕ್ಕಮಗಳೂರಿನಲ್ಲಿ ನನಗೆ ಬಹಳ ವರ್ಷದಿಂದ ಗೊತ್ತಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇಸ್ಕೊಂಡು ಬಂದೆ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆದೆ. 165, 162, 155, 164 ಪಿಎಸ್‌ಐ. ನಮ್ಮ ಎತ್ತರದಲ್ಲಿ ಗಾಳಿಯೇ ತೆಳು, ಕೆಳಗಿನ ಊರಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಬರುವುದು ಸಹಜ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೂ ನೂರಕ್ಕೆ ಹತ್ತರ ಒಳಗೇ ಇದೆ. ಈ ಅಂಕಿ ನೋಡಿದರೆ ಗ್ಯಾಸ್ಕೆಟ್ ಪಾಸ್. ಆದರೆ ಮೂರನೇ ಪ್ಲಗ್ ನನ್ನನ್ನು ತಡೆದು ನಿಲ್ಲಿಸಿತು. ಉಳಿದ ಮೂರರ ತುದಿ ಹುರಿದ ಕಾಫಿ ಬೀಜದ ಬಣ್ಣ. ಇದೊಂದು ತಿಕ್ಕಿ ತೊಳೆದಷ್ಟು ಬೆಳ್ಳಗೆ.

ಗೇಜ್ ವಾಪಸ್ ಕೊಡಲು ಹೋದಾಗ ಪ್ಲಗ್ ತೋರಿಸಿದೆ. ಅವರು ಬೆಳಕಿಗೆ ಹಿಡಿದು ನೋಡಿದರು. "ಆವಿ ತೊಳೆದಿದೆ ಇದನ್ನ. ಕಂಪ್ರೆಷನ್ ನಂಬಬೇಡಿ. ಕೂದಲಷ್ಟು ದಾರಿ ಇದ್ದರೆ ಗೇಜ್‌ಗೆ ಗೊತ್ತಾಗಲ್ಲ. ನೀರಿಗೆ ಪ್ರೆಷರ್ ಕೊಟ್ಟು ರಾತ್ರಿಯೆಲ್ಲ ಬಿಡಿ." ರೇಡಿಯೇಟರ್ ಬಾಯಿಗೆ ಕೂರುವ ಕೈಪಂಪನ್ನೂ ಕೊಟ್ಟು ಕಳಿಸಿದರು.

ಅದಕ್ಕೂ ಮೊದಲು ಪಂಪ್ ಇಲ್ಲದೆ ಮಾಡುವ ಒಂದು ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಬೆಳಗ್ಗೆ ತಣ್ಣಗಿದ್ದಾಗ ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಹಿಂಡಿ ನೋಡಿದೆ, ಮೆತ್ತಗಿತ್ತು. ಸ್ಟಾರ್ಟ್ ಮಾಡಿ ನಮ್ಮ ಮೇಲಿನ ತೋಟಕ್ಕೆ ಹೋಗುವ ಕಡಿದಾದ ಏರು, ಒಂದು ಕಿಲೋಮೀಟರ್ ಕೂಡ ಇಲ್ಲ, ಸೆಕೆಂಡ್ ಗೇರ್‌ನಲ್ಲಿ ಜೋರಾಗಿ ಹತ್ತಿಸಿದೆ. ಮುಳ್ಳು ಇನ್ನೂ ತಳ ಬಿಟ್ಟು ಎದ್ದಿರಲಿಲ್ಲ. ಇಳಿದು ಹೋಸ್ ಹಿಡಿದರೆ ಕಲ್ಲು. ನೀರು ಇನ್ನೂ ಕಾದಿಲ್ಲ, ಹಾಗಾದರೆ ಈ ಒತ್ತಡ ಬಂದಿದ್ದು ಬಿಸಿಯಿಂದ ಅಲ್ಲ. ಸಿಲಿಂಡರ್ ಒಳಗೆ ಉರಿದ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ.

ಆ ರಾತ್ರಿ ಪಂಪ್ ಹಾಕಿದೆ. ಇಂಜಿನ್ ತಣ್ಣಗಿತ್ತು. 13 ಪಿಎಸ್‌ಐ ಏರಿಸಿ ಬಿಟ್ಟೆ. ಅರ್ಧ ಗಂಟೆಗೆ 10ಕ್ಕೆ ಇಳಿಯಿತು. ಟಾರ್ಚ್ ಹಿಡಿದು ಹೋಸ್‌ಗಳು, ಕ್ಲಿಪ್‌ಗಳು, ವಾಟರ್ ಪಂಪ್ ಅಡಿಯ ಸಣ್ಣ ತೂತು ಎಲ್ಲ ನೋಡಿದೆ. ಕಾರಿನೊಳಗಿನ ಮ್ಯಾಟ್ ಎತ್ತಿ ಹೀಟರ್ ಕಡೆಯೂ ಮುಟ್ಟಿದೆ. ಎಲ್ಲವೂ ಒಣಗಿಯೇ ಇತ್ತು. ಮತ್ತೆ 13ಕ್ಕೆ ಏರಿಸಿ ಮಲಗಿದೆ.

ಬೆಳಗ್ಗೆ ಮೊದಲು ನಾಲ್ಕೂ ಪ್ಲಗ್ ಬಿಚ್ಚಿದೆ. ಇದು ಬಹಳ ಮುಖ್ಯ. ಸಿಲಿಂಡರ್‌ನಲ್ಲಿ ನೀರು ನಿಂತಿದ್ದು ಪ್ಲಗ್ ಇದ್ದಾಗಲೇ ಸೆಲ್ಫ್ ಹೊಡೆದರೆ ನೀರು ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಿಡಿ ಕೊಡುವ ಕಾಯಿಲ್ ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕನೆಕ್ಷನ್‌ಗಳನ್ನೂ ತೆಗೆದೆ. ಪ್ಲಗ್ ತೂತುಗಳ ಮೇಲೆ ಹಳೆಯ ಬಿಳಿ ಪಂಚೆಯ ತುಂಡು ಹಾಸಿ, ಮುಖ ದೂರ ಇಟ್ಟು, ಹೆಂಡತಿಗೆ ಚಾವಿ ತಿರುಗಿಸಲು ಹೇಳಿದೆ. ಎರಡು ಸುತ್ತು. ಬಟ್ಟೆ ತೆಗೆದು ಬಿಡಿಸಿದೆವು. ಮೂರು ಕಡೆ ಒಣ ಮಸಿಯ ಉಂಗುರ. ಮೂರನೇ ಸಿಲಿಂಡರ್ ಮೇಲೆ ಅಂಗೈಯಗಲ ಒದ್ದೆ, ತಿಳಿ ಹಸಿರು. ಮೂಸಿದೆ. ಕೂಲೆಂಟ್‌ನ ಅದೇ ಸಿಹಿ ವಾಸನೆ.

ಇಷ್ಟಾದ ಮೇಲೆ ಹೆಡ್ ಇಳಿಸಲು ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಗ್ಯಾರೇಜಿನ ಹುಡುಗ ಹೇಳಿದ್ದು ನಿಜವೇ ಆಗಿತ್ತು, ಅವನು ತೋರಿಸಿದ ಸಾಕ್ಷಿ ಮಾತ್ರ ಅದರದ್ದಲ್ಲ. ಅವತ್ತೇ ಹೆಡ್ ಇಳಿಸಿ ಗ್ಯಾಸ್ಕೆಟ್ ಒಂದನ್ನೇ ಬದಲಿಸಿದ್ದರೆ, ತುಕ್ಕು ಕಟ್ಟಿದ ರೇಡಿಯೇಟರ್ ಮತ್ತು ಬಿರುಕು ಮುಚ್ಚಳ ಹಾಗೇ ಉಳಿಯುತ್ತಿದ್ದವು. ಮುಂದಿನ ಏರಿನಲ್ಲಿ ಹೊಸ ಗ್ಯಾಸ್ಕೆಟ್ ಕೂಡ ಸುಡುತ್ತಿತ್ತು.

ಹೆಡ್ ಕೆಲಸವನ್ನು ಆ ಹಿರಿಯರ ಶೆಡ್‌ನಲ್ಲಿ, ಅವರ ಕಣ್ಣೆದುರೇ ಮಾಡಿದೆ. ವಾಲ್ವ್‌ಗಳ ಓಟವನ್ನು ಪಿಸ್ಟನ್ ಓಟಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ಬಿಚ್ಚಿ ಹಾಕುವ ಕೆಲಸವನ್ನು ಒಬ್ಬನೇ ಮೊದಲ ಸಲ ಮಾಡುವ ಧೈರ್ಯ ನನಗಿರಲಿಲ್ಲ, ಮಾಡಲೂಬಾರದು. ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ಓಡುವುದಿಲ್ಲ, ಕೆಲವು ಇಂಜಿನ್‌ಗಳಲ್ಲಿ ವಾಲ್ವ್‌ಗಳೇ ಪಿಸ್ಟನ್‌ಗೆ ಬಡಿಯುತ್ತವೆ. ಹೆಡ್ ಬೋಲ್ಟ್‌ಗಳನ್ನು ತಣ್ಣಗಿದ್ದಾಗಲೇ, ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು.

ಹೆಡ್ ಎತ್ತಿದಾಗ ಎಲ್ಲವೂ ಕಣ್ಣಿಗೆ ಕಂಡಿತು. ಮೂರು ಪಿಸ್ಟನ್‌ಗಳ ತಲೆ ಕಪ್ಪು ಕಾರ್ಬನ್ ಹಿಡಿದು ಮಂಕಾಗಿತ್ತು. ಮೂರನೆಯದು ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಗ್ಯಾಸ್ಕೆಟ್‌ನಲ್ಲಿ ಆ ಸಿಲಿಂಡರ್‌ನ ಉಂಗುರದಿಂದ ಪಕ್ಕದ ನೀರಿನ ತೂತಿಗೆ ಒಂದು ಕಪ್ಪು ಗೆರೆ, ಇರುವೆ ಸಾಲಿನಷ್ಟು ತೆಳು. ಹೆಡ್ ಅಲ್ಯುಮಿನಿಯಂ, ಬ್ಲಾಕ್ ಕಬ್ಬಿಣ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಮಿತಿ ಮೀರಿ ಕಾದಾಗ ಬೋಲ್ಟ್‌ಗಳ ನಡುವೆ ಹಿಗ್ಗಲು ಜಾಗ ಇಲ್ಲದೆ ಹೆಡ್ ಬಾಗುತ್ತದೆ. ಹೆಡ್ ಮೇಲೆ ಅಡಿಪಟ್ಟಿ ಇಟ್ಟು, ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆವು. ಈ ಇಂಜಿನ್‌ಗೆ 0.05 ಮಿಲಿಮೀಟರ್‌ವರೆಗೆ ನಡೆಯುತ್ತದೆ. ನಡುವೆ 0.08ರ ಎಲೆ ಸಲೀಸಾಗಿ ಹೋಯಿತು.

ಹೆಡ್ ಅನ್ನು ಹಾಸನದ ಒಂದು ಮಷಿನ್ ಶಾಪ್‌ಗೆ ಒಯ್ದು ಬಿರುಕು ಇದೆಯಾ ಅಂತ ಪ್ರೆಷರ್ ಹಾಕಿಸಿ ನೋಡಿದೆವು. ಇರಲಿಲ್ಲ. ಬಾಗಿದ ಮೇಲ್ಮೈ ಮಟ್ಟಸ ಆಗಲು ಫೇಸಿಂಗ್ ಮಾಡಿಸಿದೆವು. ವಾಪಸ್ ಬಂದು ಬ್ಲಾಕ್‌ನ ಮೇಲ್ಮೈ ಒರೆಸಿ, ಬೋಲ್ಟ್ ತೂತುಗಳಲ್ಲಿ ನಿಂತಿದ್ದ ನೀರು, ಆಯಿಲ್ ಎಲ್ಲ ಗಾಳಿ ಹೊಡೆದು ತೆಗೆದೆವು. ಅದು ಒಳಗೇ ಉಳಿದರೆ ಬೋಲ್ಟ್ ಬಿಗಿ ಮಾಡುವಾಗ ಬ್ಲಾಕ್ ಸೀಳುವ ಅಪಾಯ ಇದೆ, ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಕೂಡ ಸುಳ್ಳು ಹೇಳುತ್ತದೆ. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟ್‌ಗಳು, ಹೊಸ ಟೈಮಿಂಗ್ ಬೆಲ್ಟ್. ಹೇಗೂ ಬಿಚ್ಚಿದ್ದೇವೆ ಅಂತ ವಾಟರ್ ಪಂಪ್ ಕೂಡ. ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ.

ಕೂಲೆಂಟ್ ತುಂಬುವಾಗ ಮನೆ ಮುಂದಿನ ಇಳಿಜಾರಿನಲ್ಲಿ ಕಾರಿನ ಮೂತಿ ಮೇಲಕ್ಕೆ ಬರುವಂತೆ ನಿಲ್ಲಿಸಿದೆ. ಹೀಟರ್ ಆನ್ ಇಟ್ಟು, ತಣ್ಣನೆ ಇಂಜಿನ್‌ಗೆ ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ತುಂಬಿಸುತ್ತಾ ಹೋದೆ. ಮೊದಲು ಬರುವ ಗುಳ್ಳೆ ಸಿಕ್ಕಿಕೊಂಡ ಗಾಳಿ, ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತದೆ. ನಿಲ್ಲದೇ ಬರುತ್ತಲೇ ಇದ್ದರೆ ಅದು ಸಿಲಿಂಡರ್ ಗ್ಯಾಸ್. ನಮ್ಮದು ನಿಂತಿತು. ಹೀಟರ್‌ನಿಂದ ಬಿಸಿ ಗಾಳಿ ಬಂತು.

ಒಂದು ವಾರ ದಿನಾ ಬಾಟಲಿಯ ಗೆರೆ ನೋಡಿದೆ. ಕದಲಲಿಲ್ಲ. ಆಮೇಲೆ ಬಾಮೈದನನ್ನು ಕರೆದುಕೊಂಡು ಮತ್ತೆ ಗಿರಿ ಹತ್ತಿದೆವು, ಅದೇ ಐದು ಜನ. ಆ ತಿರುವು ಬಂದಾಗ ಯಾರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ಸೀತಾಳಯ್ಯನಗಿರಿಯವರೆಗೂ ಅದು ನಡುವೆಯೇ ನಿಂತಿತ್ತು.

ಮಾರನೇ ದಿನ ಬೆಳಗ್ಗೆ, ಕಾರು ಇನ್ನೂ ತಣ್ಣಗಿದ್ದಾಗ, ಮೇಲಿನ ತೋಟದ ಏರನ್ನು ಸೆಕೆಂಡ್ ಗೇರ್‌ನಲ್ಲಿ ಜೋರಾಗಿ ಹತ್ತಿಸಿದೆ. ಬೋನೆಟ್ ಎತ್ತಿ ಹೋಸ್ ಹಿಂಡಿದೆ. ಮೆತ್ತಗಿತ್ತು.